ಅಂಚಿನೊಳಗಿನ ತೂಕ: ಹೊಸ ಋತುವಿನ ಉಡುಪುಗಳ ಬಗ್ಗೆ ಓದುಗರ ಪ್ರಶ್ನೆಗಳು

2026ರ ವಸಂತ ಮತ್ತು ಬೇಸಿಗೆಗೆಂದು ಮಿಲಾನ್ ಹಾಗೂ ಪ್ಯಾರಿಸ್ ನಗರಗಳಲ್ಲಿ ಪ್ರದರ್ಶನಗೊಂಡ ಮಹಿಳೆಯರ ಉಡುಪುಗಳ ಬಗ್ಗೆ ಪ್ರಶ್ನೆಗಳನ್ನು ಬರೆದು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರು ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಚಿಕ್ಕಬಳ್ಳಾಪುರದಲ್ಲಿ ಹೊಲಿಗೆ ಅಂಗಡಿ ನಡೆಸುವ ನಾನು ಈ ಪ್ರದರ್ಶನಗಳನ್ನು ನೋಡಿದ್ದು ವಿಡಿಯೊಗಳಲ್ಲಿ ಮತ್ತು ಛಾಯಾಚಿತ್ರಗಳಲ್ಲಿ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ನನ್ನ ಉತ್ತರಗಳನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮೇಡಂ, ಈ ಋತುವಿನಲ್ಲಿ ಅನೇಕ ದೊಡ್ಡ ಸಂಸ್ಥೆಗಳಿಗೆ ಹೊಸ ವಿನ್ಯಾಸಕರು ಬಂದಿದ್ದಾರೆಂದು ಓದಿದೆ. ಎಲ್ಲವನ್ನೂ ನೋಡಲು ಹೋಗಿ ತಲೆ ತಿರುಗಿತು. ನಿಮಗೆ ತುಂಬ ಹಿಡಿಸಿದ ಸಂಗ್ರಹಗಳು ಯಾವುವು, ಏಕೆ ಹಿಡಿಸಿದವು ಎಂದು ತಿಳಿಸುವಿರಾ?
— ಪದವಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ನೀವು ಓದಿರುವುದು ನಿಜ. ಶನೆಲ್‌ಗೆ ಮಾತ್ಯೂ ಬ್ಲಾಝಿ, ಡಿಯೋರ್‌ನ ಮಹಿಳಾ ವಿಭಾಗಕ್ಕೆ ಜೊನಾಥನ್ ಆಂಡರ್ಸನ್, ಬೊಟ್ಟೆಗಾ ವೆನೆಟಾಗೆ ಲೂಯಿಸ್ ಟ್ರಾಟರ್, ಬಲೆನ್ಸಿಯಾಗಾಗೆ ಪಿಯೆರ್‌ಪಾವ್ಲೊ ಪಿಚ್ಚೋಲಿ, ಇವರೆಲ್ಲರೂ 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಕೆಲವೇ ದಿನಗಳ ಅಂತರದಲ್ಲಿ ತಮ್ಮ ಮೊದಲ ಸಂಗ್ರಹಗಳನ್ನು ತೋರಿಸಿದರು. ಹೊಸ ಯಜಮಾನನು ಹಳೆಯ ಮನೆಗೆ ಬಂದಾಗ ಗೋಡೆ ಒಡೆಯುತ್ತಾನೋ, ಸುಣ್ಣ ಬಳಿಯುತ್ತಾನೋ ಎಂದು ಊರಿನವರು ಕಾದು ನೋಡುವಂತೆ ಉಡುಪಿನ ಲೋಕವೂ ಕಾದು ನೋಡಿತು. ನನ್ನ ಮನಸ್ಸಿನಲ್ಲಿ ನಿಂತದ್ದು ಮುಖ್ಯವಾಗಿ ಮೂರು ಸಂಗ್ರಹಗಳು, ಅವುಗಳಲ್ಲಿ ಮೊದಲನೆಯದು ಶನೆಲ್.

ಅಕ್ಟೋಬರ್ 6ರಂದು ಪ್ಯಾರಿಸ್‌ನ ಗ್ರಾಂ ಪಲೆ ಭವನದಲ್ಲಿ ಗ್ರಹಗಳ ದೊಡ್ಡ ಗೋಳಗಳನ್ನು ತೂಗುಹಾಕಿ ಈ ಪ್ರದರ್ಶನವನ್ನು ನಡೆಸಿದರು. ಜನ ಆ ಗ್ರಹಗಳ ಬಗ್ಗೆ ಬಹಳ ಮಾತನಾಡಿದರು. ನಾನು ವಿಡಿಯೊವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದ್ದು ಒಂದು ಅಂಗಿಯನ್ನು. 1838ರಲ್ಲಿ ಸ್ಥಾಪನೆಯಾದ ಶಾರ್ವೆ ಎಂಬ ಪ್ಯಾರಿಸ್‌ನ ಅಂಗಿ ತಯಾರಕರ ಜೊತೆ ಸೇರಿ ಬ್ಲಾಝಿ ಅವರು ಗಂಡಸರ ಅಂಗಿಯ ಮಾದರಿಯಲ್ಲಿ ಹೆಂಗಸರಿಗೆ ಅಂಗಿ ಮಾಡಿಸಿದ್ದಾರೆ, ಅದರ ಅಂಚಿಗೆ ಶನೆಲ್‌ನ ಸರಪಳಿಯನ್ನು ಕೂಡಿಸಿದ್ದಾರೆ. ಈ ಸರಪಳಿಗೆ ಹಿನ್ನೆಲೆಯಿದೆ. ಸಂಸ್ಥಾಪಕಿ ಕೊಕೊ ಶನೆಲ್ ಅವರ ಕಾಲದಿಂದಲೂ ಆ ಸಂಸ್ಥೆಯ ಮೇಲಂಗಿಗಳ ಒಳಗೆ, ಲೈನಿಂಗ್‌ನ ಕೆಳ ಅಂಚಿನ ಉದ್ದಕ್ಕೂ, ಸಣ್ಣ ಲೋಹದ ಸರಪಳಿಯನ್ನು ಕೈಯಿಂದ ಹೊಲಿಯುತ್ತಾರೆ. ಮೇಲಂಗಿ ಹಗುರವಾಗಿದ್ದರೂ ತೊಟ್ಟವಳು ಕೈಯೆತ್ತಿದಾಗ, ಕುಳಿತೆದ್ದಾಗ ಅಂಚು ಮುದುರದೆ ತನ್ನ ಜಾಗಕ್ಕೆ ತಾನೇ ಬಂದು ನಿಲ್ಲಬೇಕೆಂಬುದು ಅದರ ಉದ್ದೇಶ.

ಇದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಸೀರೆಯ ಫಾಲ್. ಹೊಸ ಸೀರೆ ತಂದ ಹೆಣ್ಣುಮಗಳು ಮೊದಲು ಮಾಡುವ ಕೆಲಸವೆಂದರೆ ಫಾಲ್ ಹಾಕಿಸುವುದು. ಒಂದು ಗೇಣಿಗಿಂತಲೂ ಕಡಿಮೆ ಅಗಲದ ಆ ಹತ್ತಿ ಪಟ್ಟಿಯನ್ನು ಸೀರೆಯ ಒಳಗಿನಿಂದ, ಹೊರಗೆ ಹೊಲಿಗೆ ಕಾಣದಂತೆ ಕೈಯಲ್ಲಿ ಎತ್ತಿ ಕೂಡಿಸುತ್ತಾರೆ. ಯಾರೂ ಅದನ್ನು ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ, ಆದರೆ ಅದಿಲ್ಲದಿದ್ದರೆ ನೆರಿಗೆ ನಿಲ್ಲುವುದಿಲ್ಲ. ಶನೆಲ್‌ನ ಸರಪಳಿಯೂ ನಮ್ಮ ಫಾಲ್ ಕೂಡ ಒಂದೇ ಪ್ರಶ್ನೆಗೆ ಕಂಡುಕೊಂಡ ಉತ್ತರಗಳು. ಉಡುಪಿನ ಸೊಗಸು ಅದರ ಅಂಚಿನ ತೂಕದಲ್ಲಿದೆ ಎಂದು ತಿಳಿದ ವಿನ್ಯಾಸಕನ ಕೈಗೆ ಆ ಸಂಸ್ಥೆ ಸಿಕ್ಕಿದೆ ಎಂಬುದೇ ನನ್ನ ಸಂತೋಷಕ್ಕೆ ಕಾರಣ. ಪ್ರದರ್ಶನದ ಕೊನೆಯಲ್ಲಿ ಅವಾರ್ ಓಧಿಯಾಂಗ್ ಎಂಬ ರೂಪದರ್ಶಿ ಸರಳವಾದ ಬಿಳಿ ಟೀಶರ್ಟಿನ ಕೆಳಗೆ ಬಣ್ಣಬಣ್ಣದ ದೊಡ್ಡ ಲಂಗ ತೊಟ್ಟು, ನಗುತ್ತ, ಗಿರಗಿರನೆ ತಿರುಗಿ ಚಪ್ಪಾಳೆ ತಟ್ಟಿದರು. ಫ್ಯಾಷನ್ ಪ್ರದರ್ಶನಗಳಲ್ಲಿ ಮುಖ ಗಂಟಿಕ್ಕಿಕೊಂಡು ನಡೆಯುವುದನ್ನೇ ನೋಡಿ ಬೇಸತ್ತಿದ್ದ ನನಗೆ, ತೊಟ್ಟ ಉಡುಪಿನಿಂದ ಹುಟ್ಟಿದ ಆ ಖುಷಿ ಬಹಳ ದೊಡ್ಡದೆನಿಸಿತು.

ಎರಡನೆಯದು ಬೊಟ್ಟೆಗಾ ವೆನೆಟಾ. ಇಟಲಿಯ ವಿಚೆಂಜಾದಲ್ಲಿ 1966ರಲ್ಲಿ ಹುಟ್ಟಿದ ಈ ಸಂಸ್ಥೆ ಪ್ರಸಿದ್ಧವಾದದ್ದು ಚರ್ಮದ ತೆಳುವಾದ ಪಟ್ಟಿಗಳನ್ನು ಅಡ್ಡ ಮತ್ತು ಓರೆಯಾಗಿ ಹೆಣೆಯುವ ‘ಇಂಟ್ರೆಚ್ಚಾಟೊ’ ಎಂಬ ವಿಧಾನದಿಂದ. ಆಗ ಅವರ ಬಳಿ ಇದ್ದ ಹೊಲಿಗೆ ಯಂತ್ರಗಳು ಬಟ್ಟೆ ಹೊಲಿಯುವಂಥವಾದ್ದರಿಂದ ದಪ್ಪ ಚರ್ಮವನ್ನು ತಡೆಯುತ್ತಿರಲಿಲ್ಲ, ತೆಳು ಚರ್ಮ ಬಾಳಿಕೆ ಬರುತ್ತಿರಲಿಲ್ಲ, ಆದ್ದರಿಂದ ತೆಳು ಚರ್ಮವನ್ನೇ ಹೆಣೆದು ಗಟ್ಟಿ ಮಾಡಿದರೆಂದು ಹೇಳುತ್ತಾರೆ. ಈ ಹೆಣಿಗೆಯನ್ನು ಟ್ರಾಟರ್ ಅವರು ಚೀಲಗಳಿಗೆ ಮೀಸಲಿಡದೆ ಮೈಮೇಲಿನ ಉಡುಪುಗಳಿಗೂ ವಿಸ್ತರಿಸಿದ್ದಾರೆ. ಜೊತೆಗೆ, ಮರುಬಳಕೆಯ ಫೈಬರ್‌ಗ್ಲಾಸಿನ ಎಳೆಗಳಿಂದ ಮಾಡಿದ, ನಡೆದಾಗ ಬೆಳಕನ್ನು ಚೆಲ್ಲುತ್ತ ಅಲುಗಾಡುವ ಸ್ವೆಟರುಗಳೂ ಇದ್ದವು.

ರೇಷ್ಮೆ ಮನೆಯಲ್ಲಿ ಬೆಳೆದ ಯಾರಿಗಾದರೂ ಆ ಚರ್ಮದ ಹೆಣಿಗೆ ಹೊಸದೆನಿಸಲಾರದು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ನಮ್ಮ ಬಿದಿರಿನ ಚಂದ್ರಿಕೆಯನ್ನು ನೆನಪಿಸಿಕೊಳ್ಳಿ. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ಮಾಡಿದ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ನಮ್ಮ ಅಜ್ಜಿಯ ಮನೆಯ ಜಗುಲಿಯಲ್ಲಿ ಖಾಲಿ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದಾಗ ನೆಲದ ಮೇಲೆ ಬೀಳುತ್ತಿದ್ದ ನೆರಳಿನ ಚಿತ್ತಾರವನ್ನು ನಾನು ಎಷ್ಟೋ ಸಲ ಬ್ಲೌಸಿನ ಬೆನ್ನಿಗೆ ತರಲು ಪ್ರಯತ್ನಿಸಿದ್ದೇನೆ. ಮೆದುವಾದದ್ದನ್ನು ಹೆಣೆದು ಗಟ್ಟಿ ಮಾಡುವ ಜಾಣತನ ಇಲ್ಲಿಯ ಮೇದಾರರಿಗೂ ವಿಚೆಂಜಾದ ಕುಶಲಕರ್ಮಿಗಳಿಗೂ ಸಮಾನವಾಗಿ ಒಲಿದಿದೆ.

ಮೂರನೆಯದಾದ ಬಲೆನ್ಸಿಯಾಗಾದ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಬರೆಯುತ್ತೇನೆ, ಏಕೆಂದರೆ ಅದು ರೇಷ್ಮೆಯ ವಿಷಯ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನಿಂದ ನೂಲು ಬಿಚ್ಚುವ ಮನೆ. ಟಿವಿಯಲ್ಲಿ ಪ್ಯಾರಿಸ್‌ನ ರೇಷ್ಮೆ ಉಡುಪುಗಳನ್ನು ತೋರಿಸುವಾಗ ನನ್ನ ಮಗಳು, “ಅಮ್ಮ, ಇದು ನಮ್ಮ ರೇಷ್ಮೆಯೇ ಇರಬಹುದಾ?” ಎಂದು ಕೇಳಿದಳು. ಏನು ಹೇಳಲಿ?
— ಗೃಹಿಣಿ, ಶಿಡ್ಲಘಟ್ಟ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿ. ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತಯಾರಾಗುವುದು ಚೀನಾದಲ್ಲಿ, ಎರಡನೆಯ ಸ್ಥಾನ ಭಾರತದ್ದು, ಭಾರತದಲ್ಲಿ ಮೊದಲ ಸ್ಥಾನ ಕರ್ನಾಟಕದ್ದು. ಆದರೆ ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಿಂದ ನಿಮ್ಮಂಥವರ ಮನೆಗೆ ಬಂದು ನೂಲಾಗುವ ರೇಷ್ಮೆಯು ಬಹುಪಾಲು ಕಾಂಚೀಪುರ, ಧರ್ಮಾವರ, ವಾರಾಣಸಿಯಂಥ ಊರುಗಳ ಮಗ್ಗಗಳನ್ನು ಸೇರಿ ಸೀರೆಯಾಗುತ್ತದೆ. ಯೂರೋಪಿನ ದೊಡ್ಡ ಸಂಸ್ಥೆಗಳು ಬಳಸುವ ಬಟ್ಟೆಗೆ ಬೇಕಾದದ್ದು ದ್ವಿತಳಿ ಹುಳುವಿನ ಬಿಳಿ ಗೂಡಿನಿಂದ ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿದ, ಉದ್ದಕ್ಕೂ ಒಂದೇ ದಪ್ಪವಿರುವ, ಗಂಟಿಲ್ಲದ ನೂಲು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಹಳದಿ ಮಿಶ್ರತಳಿ ಗೂಡಿನ ನೂಲಿಗೆ ಬೇರೆಯೇ ಗುಣವಿದೆ. ಅದರ ಜಾಗ ಕೈಮಗ್ಗದ ಸೀರೆಯಲ್ಲಿದೆ, ಅಲ್ಲಿ ಅದು ಯಾವ ರೇಷ್ಮೆಗೂ ಸೋಲುವುದಿಲ್ಲ.

ಇದನ್ನು ಹೇಳಿದ ಮೇಲೆ, ಬಲೆನ್ಸಿಯಾಗಾದ ಸಂಗ್ರಹವನ್ನು ಮಗಳ ಜೊತೆ ಕುಳಿತು ನೋಡಿ. ಸಂಸ್ಥಾಪಕ ಕ್ರಿಸ್ಟೊಬಲ್ ಬಲೆನ್ಸಿಯಾಗಾ ಅವರು 1957ರಲ್ಲಿ ಸೊಂಟವನ್ನು ಹಿಡಿಯದೆ ಚೀಲದಂತೆ ಇಳಿಬೀಳುವ ಒಂದು ಉಡುಪನ್ನು ಮಾಡಿದ್ದರು, ಪಿಚ್ಚೋಲಿ ಅವರು ತಮ್ಮ ಮೊದಲ ಸಂಗ್ರಹವನ್ನು ಅದಕ್ಕೆ ವಂದಿಸಿಯೇ ಪ್ರಾರಂಭಿಸಿದರು. ಅವರು ಮತ್ತೆ ಕೈಗೆತ್ತಿಕೊಂಡ ಇನ್ನೊಂದು ಸಂಗತಿ ‘ಗಝಾರ್’ ಎಂಬ ಬಟ್ಟೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಅಬ್ರಹಾಂ ಎಂಬ ಬಟ್ಟೆ ಸಂಸ್ಥೆಯ ಗುಸ್ಟಾವ್ ಝುಮ್‌ಸ್ಟೆಗ್ ಅವರು ಬಲೆನ್ಸಿಯಾಗಾಗಾಗಿ ರೂಪಿಸಿದ ರೇಷ್ಮೆ ಬಟ್ಟೆ ಇದು. ಹೆಚ್ಚು ಹುರಿ ಕೊಟ್ಟ ಎರಡು ನೂಲುಗಳನ್ನು ಜೋಡಿಯಾಗಿ, ಒಂದೇ ನೂಲೆಂಬಂತೆ ಹಾಸು ಹೊಕ್ಕಿಗೆ ಬಳಸಿ, ಸಾದಾ ನೇಯ್ಗೆಯಲ್ಲಿ ನೇಯುತ್ತಾರೆ. ಕೈಗೆತ್ತಿಕೊಂಡರೆ ಹಗುರವಾಗಿರುತ್ತದೆ, ಆದರೆ ಮಡಿಸಿದರೆ ಮಡಿಸಿದಂತೆ ನಿಲ್ಲುತ್ತದೆ. 1967ರಲ್ಲಿ ಅವರು ಮಾಡಿದ ಮದುವಣಗಿತ್ತಿಯ ಉಡುಪು, ಒಳಗೆ ಯಾವ ಆಧಾರವೂ ಇಲ್ಲದೆ, ಕಲ್ಲಿನಲ್ಲಿ ಕಡೆದಂತೆ ನಿಂತದ್ದು ಈ ಬಟ್ಟೆಯ ಬಲದಿಂದ.

ನಿಮ್ಮ ಕೆಲಸಕ್ಕೂ ಇದಕ್ಕೂ ಇರುವ ನಂಟನ್ನು ನಿಮಗಿಂತ ಚೆನ್ನಾಗಿ ಯಾರು ಬಲ್ಲರು? ಬಿಸಿನೀರಿನ ಬೇಸಿನ್‌ನಲ್ಲಿ ಗೂಡುಗಳು ತೇಲುವಾಗ ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲು ಮಾಡುತ್ತೀರಿ. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ಎಳೆಯನ್ನು ಕೊಡದಿದ್ದರೆ ಅಲ್ಲಿ ನೂಲು ತೆಳುವಾಗುತ್ತದೆ. ಆ ಒಂದು ಕ್ಷಣದ ಎಚ್ಚರ ತಪ್ಪಿದ್ದು ನೇಯ್ದ ಮೇಲೂ ಬಟ್ಟೆಯಲ್ಲಿ ಗೆರೆಯಾಗಿ ಕಾಣುತ್ತದೆ. ಮುಂದೆ ಆ ನೂಲಿಗೆ ಹುರಿ ಎಷ್ಟು ಕೊಡುತ್ತಾರೆ, ಅದರ ಮೇಲಿನ ಅಂಟನ್ನು ತೆಗೆಯುತ್ತಾರೋ ಉಳಿಸುತ್ತಾರೋ ಎಂಬುದರ ಮೇಲೆ ಬಟ್ಟೆಯ ಸ್ವಭಾವ ನಿಲ್ಲುತ್ತದೆ. ಅಂಟು ಪೂರ್ತಿ ಹೋದರೆ ನೂಲಿನ ತೂಕದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಕಡಿಮೆಯಾಗಿ ಮೆದುವಾದ, ಹೊಳೆಯುವ ರೇಷ್ಮೆ ಸಿಗುತ್ತದೆ. ಅಂಟು ಉಳಿಸಿಕೊಂಡರೆ ಈಗ ಎಲ್ಲರೂ ಉಡುವ ಆರ್ಗಂಜಾದ ಗರಿಗರಿತನ ಬರುತ್ತದೆ. ಹೆಚ್ಚು ಹುರಿ ಕೊಟ್ಟರೆ ಮೈಸೂರು ರೇಷ್ಮೆಯ ಕ್ರೇಪ್ ಆಗುತ್ತದೆ. ವಿನ್ಯಾಸಕ ಕತ್ತರಿ ಹಿಡಿಯುವ ಮೊದಲೇ ಉಡುಪಿನ ಅರ್ಧ ತೀರ್ಮಾನ ನೂಲಿನ ಮನೆಯಲ್ಲಿ ಆಗಿರುತ್ತದೆ. ಟಿವಿಯಲ್ಲಿ ಕಂಡ ರೇಷ್ಮೆ ಶಿಡ್ಲಘಟ್ಟದ್ದಲ್ಲದಿರಬಹುದು, ಆದರೆ ಅದನ್ನು ಮಾಡಿದ ಕೆಲಸ ತನ್ನ ಅಮ್ಮ ಮಾಡುವ ಕೆಲಸವೇ ಎಂದು ಆ ಮಗುವಿಗೆ ತಿಳಿಸಿ.

ಪ್ರಶ್ನೆ: ಗ್ರಾಹಕರು ಫೋನಿನಲ್ಲಿ ದೊಡ್ಡ ಡಿಸೈನರ್‌ಗಳ ಚಿತ್ರ ತೋರಿಸಿ ಇದೇ ರೀತಿ ಹೊಲಿದು ಕೊಡಿ ಎನ್ನುತ್ತಾರೆ. ಹೊಲಿದರೆ ಚಿತ್ರದ ಹಾಗೆ ಬರುವುದಿಲ್ಲ, ಬೈಗುಳ ನನಗೆ. ಈ ಹೊಸ ಸಂಗ್ರಹಗಳಿಂದ ನನ್ನಂಥ ಟೈಲರ್ ಏನು ಕಲಿಯಬಹುದು?
— ಹೊಲಿಗೆ ವೃತ್ತಿಯವರು, ತುಮಕೂರು

ಉತ್ತರ: ನಿಮ್ಮ ಸಂಕಟ ನನ್ನದೂ ಆಗಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಚಿತ್ರದಲ್ಲಿ ಕಾಣುವುದು ಮೇಲಿನ ಆಕಾರ. ಆ ಆಕಾರವನ್ನು ಹಿಡಿದು ನಿಲ್ಲಿಸಿದ ಕ್ಯಾನ್ವಾಸ್, ಲೈನಿಂಗ್, ಡಾಟ್, ಬಟ್ಟೆಯ ಎಳೆಯ ದಿಕ್ಕು ಇವು ಯಾವುವೂ ಚಿತ್ರದಲ್ಲಿರುವುದಿಲ್ಲ. ಆದ್ದರಿಂದ ಚಿತ್ರವನ್ನು ನೋಡುವಾಗ, ಇದು ಹೀಗೆ ನಿಲ್ಲಲು ಒಳಗೆ ಏನಿರಬೇಕು ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿ.

ಈ ಸಲದ ಡಿಯೋರ್ ಇದಕ್ಕೆ ಒಳ್ಳೆಯ ಪಾಠ. ಕ್ರಿಸ್ಟಿಯನ್ ಡಿಯೋರ್ ಅವರು 1947ರ ಫೆಬ್ರವರಿ 12ರಂದು ತೋರಿಸಿದ ‘ಬಾರ್’ ಮೇಲಂಗಿ ಶಾಂಟುಂಗ್ ರೇಷ್ಮೆಯದು. ಸೊಂಟದಲ್ಲಿ ಬಿಗಿದು, ಸೊಂಟದ ಕೆಳಗೆ ಒಳಗಿನಿಂದ ಮೆತ್ತೆ ಕೊಟ್ಟು ಹೊರಚಾಚಿಸಿದ ಅದರ ಆಕಾರ ಅಂದಿನಿಂದಲೂ ಆ ಸಂಸ್ಥೆಯ ಗುರುತಾಗಿದೆ. ಆಂಡರ್ಸನ್ ಅವರು ಅದೇ ಮೇಲಂಗಿಯನ್ನು ಕುಗ್ಗಿಸಿ, ಗಿಡ್ಡ ಮಾಡಿ, ಕೆಳಗೆ ನೆರಿಗೆಯ ಪುಟ್ಟ ಲಂಗ ಕೊಟ್ಟಿದ್ದಾರೆ. ಉದ್ದ ಎಷ್ಟೇ ಕಡಿಮೆಯಾದರೂ ಸೊಂಟದ ಗೆರೆ ಮಾತ್ರ ಕದಲಿಲ್ಲ, ಹಾಗಾಗಿ ದೂರದಿಂದಲೂ ಅದು ಡಿಯೋರ್ ಎಂದು ತಿಳಿಯುತ್ತದೆ. ನಮ್ಮಲ್ಲಿ ಪೆಪ್ಲಮ್ (ಸೊಂಟದಿಂದ ಕೆಳಗೆ ಅರಳುವ) ಬ್ಲೌಸ್ ಕೇಳುವವರಿಗೆ ಹೊಲಿಯುವಾಗ ಇದನ್ನು ನೆನಪಿಡಿ. ಕೆಳಗಿನ ಅರಳಿದ ಭಾಗಕ್ಕೆ ಎಷ್ಟು ಬಟ್ಟೆ ಹಾಕಿದಿರಿ ಎಂಬುದಕ್ಕಿಂತ ಅದು ಸೊಂಟದ ಸರಿಯಾದ ಜಾಗದಿಂದ ಹೊರಟಿದೆಯೇ ಎಂಬುದು ಮುಖ್ಯ. ಅರ್ಧ ಇಂಚು ಕೆಳಗೆ ಬಂದರೂ ತೊಟ್ಟವಳು ಗಿಡ್ಡವಾಗಿ ಕಾಣುತ್ತಾಳೆ.

ಇಟಲಿಯ ವಿನ್ಯಾಸಕ ಜಾರ್ಜಿಯೊ ಅರ್ಮಾನಿ ಅವರು ಕಲಿಸಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು. 1970ರ ದಶಕದಲ್ಲಿ ಅವರು ಮೇಲಂಗಿಯ ಒಳಗಿನ ಮೆತ್ತೆ ಮತ್ತು ಗಡಸು ಲೈನಿಂಗ್ ತೆಗೆದುಹಾಕಿ, ಅದು ತೊಟ್ಟವರ ಮೈಯ ಜೊತೆ ಚಲಿಸುವಂತೆ ಮಾಡಿದರು. 2025ರ ಸೆಪ್ಟೆಂಬರ್ 4ರಂದು, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ತಿಂಗಳ 28ರಂದು ಮಿಲಾನಿನ ಬ್ರೆರಾ ಕಲಾಸಂಗ್ರಹಾಲಯದ ಅಂಗಳದಲ್ಲಿ, ಅವರ ಸಂಸ್ಥೆಯ 50ನೆಯ ವರ್ಷಕ್ಕೆಂದು ಅವರೇ ಸಿದ್ಧಪಡಿಸಿದ್ದ ಸಂಗ್ರಹವನ್ನು ಅವರಿಲ್ಲದೆ ತೋರಿಸಿದರು. ಅದನ್ನು ನೋಡುವಾಗ ನನ್ನ ಕಣ್ಣು ತುಂಬಿತೆಂದು ಬರೆಯಲು ಸಂಕೋಚವಿಲ್ಲ. ಯಾವ ಉಡುಪೂ ಮೈಯನ್ನು ಬಿಗಿಯಲಿಲ್ಲ, ಯಾವುದೂ ಜೋತುಬೀಳಲಿಲ್ಲ.

ಇನ್ನು ನನ್ನ ಕೈಯಲ್ಲೇ ಆದ ಒಂದು ತಪ್ಪನ್ನು ಹೇಳುತ್ತೇನೆ. ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಮದುಮಗಳಿಗೆ ಕ್ರೇಪ್ ಬಟ್ಟೆಯಲ್ಲಿ ಪೂರ್ತಿ ಕ್ರಾಸ್ (ಬಟ್ಟೆಯ ಎಳೆಗೆ ಓರೆಯಾದ) ಕಟಿಂಗ್‌ನ ಉದ್ದ ಲಂಗ ಹೊಲಿದೆ. ಕತ್ತರಿಸಿದ ದಿನವೇ ಜೋಡಿಸಿ, ಅಂದೇ ರಾತ್ರಿ ಹೆಮ್ಮಿಂಗ್ ಮುಗಿಸಿ, ಇಸ್ತ್ರಿ ಮಾಡಿ ಕೊಟ್ಟೆ. ಆರತಕ್ಷತೆಯ ದಿನ ನೋಡಿದರೆ ಲಂಗದ ಅಂಚು ಒಂದು ಕಡೆ ಪಾದದ ಮೇಲೆ, ಇನ್ನೊಂದು ಕಡೆ ನೆಲದ ಮೇಲೆ. ಕ್ರಾಸ್‌ನಲ್ಲಿ ಕತ್ತರಿಸಿದ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಎಲ್ಲ ಕಡೆಯೂ ಸಮನಾಗಿ ಇಳಿಯುವುದಿಲ್ಲ. ಆದ್ದರಿಂದ ಅದನ್ನು ಜೋಡಿಸಿದ ಮೇಲೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ, ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ನೆಲದಿಂದ ಅಳತೆ ಹಿಡಿದು ಅಂಚನ್ನು ಸಮ ಮಾಡಬೇಕು. ಈ ಋತುವಿನ ಸಂಗ್ರಹಗಳಲ್ಲಿ ನೀರಿನಂತೆ ಜಾರುವ ಉಡುಪು ಕಂಡಾಗಲೆಲ್ಲ, ಅದರ ಹಿಂದೆ ಕಾದ ಆ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಗ್ರಾಹಕರಿಗೂ ಹೇಳಿ, ಎರಡು ದಿನ ಹೆಚ್ಚು ಕೇಳಿ ಪಡೆಯಿರಿ.

ಪ್ರಶ್ನೆ: ಪ್ರದರ್ಶನದಲ್ಲಿ ತೋರಿಸುವ ಉಡುಪುಗಳನ್ನು ತೊಟ್ಟು ಬಸ್ಸು ಹತ್ತಲಾದೀತೇ? ಇಷ್ಟು ಖರ್ಚು ಮಾಡಿ ಅವನ್ನು ತೋರಿಸುವುದೇಕೆ? ಬೇಸಿಗೆಯ ಬಟ್ಟೆಯನ್ನು ಮಳೆಗಾಲ ಮುಗಿಯುವಾಗ ತೋರಿಸುವುದೂ ನನಗೆ ಅರ್ಥವಾಗಲಿಲ್ಲ.
— ನಿವೃತ್ತ ಶಿಕ್ಷಕಿ, ಮಾಲೂರು

ಉತ್ತರ: ಅಮ್ಮ, ಬೇಸಿಗೆಯ ಬಟ್ಟೆಯ ಪ್ರಶ್ನೆಗೆ ಉತ್ತರ ಸುಲಭ. ಅಂಗಡಿಗಳ ಖರೀದಿದಾರರು ಪ್ರದರ್ಶನ ನೋಡಿ ಬೇಕಾದದ್ದನ್ನು ಆರಿಸಿ ಬೇಡಿಕೆ ಕೊಟ್ಟ ಮೇಲೆ ಹೊಲಿಗೆ ಶುರುವಾಗಿ, ಸರಕು ಅಂಗಡಿ ಸೇರಲು ಸುಮಾರು ಆರು ತಿಂಗಳು ಬೇಕಾಗುತ್ತದೆ. ಅದಕ್ಕಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬೇಸಿಗೆಯದನ್ನೂ, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಚಳಿಗಾಲದ್ದನ್ನೂ ತೋರಿಸುತ್ತಾರೆ. ಜನವರಿ ಮತ್ತು ಜುಲೈನಲ್ಲಿ ಪ್ಯಾರಿಸ್‌ನಲ್ಲಿ ನಡೆಯುವ ಹೋತ್ ಕುತ್ಯೂರ್ ಬೇರೆ. ಅದು ಒಬ್ಬ ಗ್ರಾಹಕಳ ಅಳತೆಗೆ ಕೈಯಲ್ಲಿ ಮಾಡಿಕೊಡುವ ಉಡುಪು, ಆ ಹೆಸರನ್ನು ಬಳಸಲು ಫ್ರಾನ್ಸಿನಲ್ಲಿ ಕಾನೂನಿನ ಕಟ್ಟುಪಾಡು ಇದೆ.

ಬಸ್ಸು ಹತ್ತುವ ಮಾತಿಗೆ ಬಂದರೆ, ಶನೆಲ್‌ನ ಆ ಅಂಗಿಯನ್ನೂ ಅರ್ಮಾನಿಯವರ ಮೇಲಂಗಿಯನ್ನೂ ತೊಟ್ಟು ಕೋಲಾರದ ಬಸ್ಸನ್ನು ಧಾರಾಳವಾಗಿ ಹತ್ತಬಹುದು. ಈ ಋತುವಿನ ವಿಶೇಷವೂ ಅದೇ ಎಂದು ನನ್ನ ಅನಿಸಿಕೆ. ಬರೀ ನೋಟಕ್ಕೆಂದು ಮಾಡಿದ ಉಡುಪುಗಳೂ ಇದ್ದವು, ಅವು ನನ್ನ ಮೆಚ್ಚಿನ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ನಾನು ಮತ್ತು ನಮ್ಮ ಬೀದಿಯ ಇನ್ನೂ ನಾಲ್ಕು ಮಂದಿ ಮನೆಯಲ್ಲೇ ಸೀರೆಗೆ ಕುಚ್ಚು ಹಾಕುತ್ತೇವೆ. ಹೊರದೇಶದ ಡಿಸೈನರ್‌ಗಳು ಇಂಥ ಕೆಲಸವನ್ನು ಬಳಸುತ್ತಾರೆಯೇ?
— ಚಿಂತಾಮಣಿ

ಉತ್ತರ: ಧಾರಾಳವಾಗಿ ಬಳಸುತ್ತಾರೆ. ಈ ಸಲವಂತೂ ಎಳೆ ಬಿಟ್ಟ ಅಂಚುಗಳು, ಇಳಿಬಿದ್ದ ಗೊಂಡೆಗಳು ಬಹಳ ಕಡೆ ಕಂಡವು. ಮೇಲೆ ಹೇಳಿದ ಬೊಟ್ಟೆಗಾದ ಸ್ವೆಟರುಗಳ ಸೊಗಸೆಲ್ಲ ಅಲುಗಾಡುವ ಎಳೆಗಳದೇ. ಸೆರಗಿನ ತುದಿಯ ಎಳೆಗಳನ್ನು ಎಣಿಸಿ, ವಿಂಗಡಿಸಿ, ಗಂಟು ಹಾಕಿ, ಮಣಿ ಕೂಡಿಸಿ, ಕ್ರೋಶಾ ಕಡ್ಡಿಯಿಂದ ಕಮಾನು ಹೆಣೆಯುವ ನಿಮ್ಮ ಕೆಲಸದಲ್ಲಿ ಇರುವ ಲೆಕ್ಕಾಚಾರ ಅವರ ಕೆಲಸಕ್ಕಿಂತ ಕಡಿಮೆಯದಲ್ಲ. ನನ್ನದೊಂದು ಸಲಹೆ ಇದೆ: ಕುಚ್ಚನ್ನು ಸೆರಗಿಗಷ್ಟೇ ಮೀಸಲಿಡಬೇಡಿ. ಸಾದಾ ರೇಷ್ಮೆಯ ದುಪಟ್ಟಾ, ಬ್ಲೌಸಿನ ತೋಳಿನ ಅಂಚು, ಗಿಡ್ಡ ಮೇಲಂಗಿಯ ಕೆಳ ಅಂಚು ಇವುಗಳ ಮೇಲೆ ಒಂದೇ ಬಣ್ಣದಲ್ಲಿ, ಮಣಿಯಿಲ್ಲದೆ, ಒತ್ತೊತ್ತಾಗಿ ಹಾಕಿ ನೋಡಿ. ನಾಲ್ಕೈದು ಬಣ್ಣಗಳಿಗಿಂತ ಒಂದೇ ಬಣ್ಣದ ಎರಡು ಛಾಯೆಗಳು ಹೆಚ್ಚು ಶ್ರೀಮಂತವಾಗಿ ಕಾಣುತ್ತವೆ. ಮಾಡಿದ ಪ್ರತಿಯೊಂದರ ಚಿಕ್ಕ ತುಂಡು ಮಾದರಿಯನ್ನು ರಟ್ಟಿಗೆ ಹೊಲಿದು, ತಗುಲಿದ ಸಮಯವನ್ನು ಪಕ್ಕದಲ್ಲಿ ಬರೆದು ಇಟ್ಟುಕೊಳ್ಳಿ. ಬೊಟಿಕ್‌ನವರ ಜೊತೆ ಬೆಲೆಯ ಮಾತು ಬಂದಾಗ ಆ ರಟ್ಟೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಪ್ರಶ್ನೆ: ಪ್ರಾಡಾ ಸಂಸ್ಥೆ ಕೊಲ್ಹಾಪುರಿ ಚಪ್ಪಲಿಯನ್ನು ತನ್ನದೆಂಬಂತೆ ತೋರಿಸಿತು ಎಂಬ ಗಲಾಟೆ ಏನಾಯಿತು? ಅದರಲ್ಲಿ ಕರ್ನಾಟಕದ ಪಾಲಿದೆಯೇ?
— ಓದುಗರು, ಕೋಲಾರ

ಉತ್ತರ: ಅದು 2025ರ ಜೂನ್‌ನಲ್ಲಿ ಮಿಲಾನಿನಲ್ಲಿ ನಡೆದ ಗಂಡಸರ ಉಡುಪುಗಳ ಪ್ರದರ್ಶನದ ವಿಷಯ. ಬೆರಳುಂಗುರದ ಆ ಚಪ್ಪಲಿಯನ್ನು ಮೊದಲು ಬರೀ ಚರ್ಮದ ಚಪ್ಪಲಿ ಎಂದಷ್ಟೇ ಕರೆದಿದ್ದರು. ಇಲ್ಲಿಂದ ದನಿ ಎದ್ದ ಮೇಲೆ, ಭಾರತದ ಕರಕುಶಲ ಪರಂಪರೆಯಿಂದಲೇ ಅದು ಬಂದದ್ದೆಂದು ಸಂಸ್ಥೆ ಒಪ್ಪಿಕೊಂಡಿತು. ಕರ್ನಾಟಕದ ಪಾಲಿನ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಏಕೆಂದರೆ ಹೆಸರಿನಿಂದಾಗಿ ಇದು ಮಹಾರಾಷ್ಟ್ರದ್ದೆಂದೇ ಬಹಳ ಜನ ತಿಳಿದಿದ್ದಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಕರ್ಮಿಗಳಿಂದಲೇ ಚಪ್ಪಲಿ ಮಾಡಿಸುವುದಾಗಿ ಪ್ರಕಟಿಸಿತು. ಮಾಡಿದವರ ಊರಿನ ಹೆಸರು ಉಡುಪಿನ ಜೊತೆಗೇ ಪ್ರಯಾಣ ಮಾಡಬೇಕೆಂಬುದು ನನ್ನ ಬಲವಾದ ನಂಬಿಕೆ.

ಪ್ರಶ್ನೆ: ನಮ್ಮ ದೇಶದವರಲ್ಲಿ ಈ ಮಟ್ಟಕ್ಕೆ ಹೋದವರು ಯಾರು? ಯಾರ ಸಂಗ್ರಹವನ್ನು ನೋಡಬೇಕು?
— ಗಾರ್ಮೆಂಟ್ಸ್ ಕಾರ್ಖಾನೆಯ ಉದ್ಯೋಗಿ, ಗೌರಿಬಿದನೂರು

ಉತ್ತರ: ಮೊದಲು ರಾಹುಲ್ ಮಿಶ್ರಾ ಅವರದನ್ನು ನೋಡಿ. ಕಾನ್ಪುರದ ಬಳಿಯ ಹಳ್ಳಿಯೊಂದರಲ್ಲಿ ಬೆಳೆದ ಅವರು 2014ರಲ್ಲಿ ಅಂತರರಾಷ್ಟ್ರೀಯ ವುಲ್‌ಮಾರ್ಕ್ ಬಹುಮಾನ ಪಡೆದರು, 2020ರ ಜನವರಿಯಲ್ಲಿ ಪ್ಯಾರಿಸ್‌ನ ಹೋತ್ ಕುತ್ಯೂರ್ ಸಪ್ತಾಹದಲ್ಲಿ ಪ್ರದರ್ಶನ ನೀಡಿದ ಮೊದಲ ಭಾರತೀಯ ವಿನ್ಯಾಸಕರಾದರು. ಸೂಫಿ ಪರಂಪರೆ ಹೇಳುವ ಪ್ರೇಮದ ಏಳು ಹಂತಗಳನ್ನು ಆಧರಿಸಿ 2025ರ ಜುಲೈನಲ್ಲಿ ಅವರು ತೋರಿಸಿದ ಸಂಗ್ರಹದಲ್ಲಿ ಕಸೂತಿ ಬಟ್ಟೆಯ ಮೇಲೆ ಕುಳಿತಂತಿರದೆ ಬಟ್ಟೆಯಿಂದಲೇ ಚಿಗುರಿ ಅರಳಿದಂತಿತ್ತು. ವೈಶಾ‍ಲಿ ಎಸ್. ಅವರದನ್ನೂ ತಪ್ಪದೆ ನೋಡಿ. ಅವರು ನಮ್ಮ ಗುಳೇದಗುಡ್ಡದ ಖಣವನ್ನು ರವಿಕೆಯ ಆಚೆಗೆ ಒಯ್ದವರು.

ಹೊಲಿಗೆ ಹಾಕುವವರು ಮಾತ್ರವಲ್ಲ, ತೊಟ್ಟು ನಡೆಯುವವರೂ ಹೋಗಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಬ್ಲಾಝಿ ಅವರು ನ್ಯೂಯಾರ್ಕ್‌ನ ಸುರಂಗ ರೈಲು ನಿಲ್ದಾಣವೊಂದರಲ್ಲಿ ಶನೆಲ್‌ನ ಕರಕುಶಲ ಸಂಗ್ರಹವನ್ನು ತೋರಿಸಿದಾಗ, ಮೊದಲಿಗೆ ಹೆಜ್ಜೆಯಿಟ್ಟವರು ಹೈದರಾಬಾದ್ ಮೂಲದ ಭವಿತಾ ಮಂಡವ. ಆ ನಗರದ ಅಂಥದ್ದೇ ಒಂದು ನಿಲ್ದಾಣದಲ್ಲಿ, ವಿದ್ಯಾರ್ಥಿನಿಯಾಗಿದ್ದಾಗ, ಅವರನ್ನು ರೂಪದರ್ಶಿ ಸಂಸ್ಥೆಯವರು ಗುರುತಿಸಿದ್ದರು.

ಈ ಪ್ರದರ್ಶನಗಳ ವಿಡಿಯೊಗಳನ್ನು ಸಂಸ್ಥೆಗಳೇ ಯೂಟ್ಯೂಬ್‌ನಲ್ಲಿ ಹಾಕುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಸಲ ಪೂರ್ತಿ ನೋಡಿ. ಎರಡನೆಯ ಸಲ ನೋಡುವಾಗ ಧ್ವನಿಯನ್ನು ತಗ್ಗಿಸಿ, ರೂಪದರ್ಶಿ ಕ್ಯಾಮೆರಾದ ಮುಂದೆ ತಿರುಗುವ ಜಾಗದಲ್ಲಿ ನಿಲ್ಲಿಸಿ, ಬರೀ ಅಂಚನ್ನು ನೋಡಿ. ದಿನವಿಡೀ ಕಾರ್ಖಾನೆಯಲ್ಲಿ ಒಂದೇ ತೋಳಿಗೆ, ಒಂದೇ ಕಾಲರಿಗೆ ಹೊಲಿಗೆ ಹಾಕುವ ನಿಮ್ಮ ಕಣ್ಣು, ಆ ಒಂದು ಭಾಗವನ್ನು ಎಷ್ಟು ಚೆನ್ನಾಗಿ ಕೂಡಿಸಿದ್ದಾರೆಂದು ನನಗಿಂತ ಬೇಗ ಗುರುತಿಸುತ್ತದೆ. ನಿಮಗೆ ಕಂಡದ್ದನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ.